ಗಟ್ಟಿಮೇಳವಿಲ್ಲದ ಮದುವೆಗೆ ಎರಡು ಕ್ಯಾಮೆರಾ

ಬೆಳಿಗ್ಗೆ ಆರೂವರೆಗೆ ಕೂಡ್ಲಿಗಿಯಲ್ಲಿ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಕ್ಯಾಮೆರಾ ಇದ್ದವು, ಪಕ್ಕದಲ್ಲಿ ಗಂಡ ಇರಲಿಲ್ಲ. ಹನ್ನೊಂದು ವರ್ಷ ಮದುವೆಗಳ ಫೋಟೋ ತೆಗೆಯಲು ಜೋಡಿಯಾಗಿಯೇ ತಿರುಗಿದವರು ನಾವು. ಈ ಭಾನುವಾರ ಕೊಟ್ಟೂರಿನಲ್ಲೊಂದು, ಹಂಪಸಾಗರದಲ್ಲೊಂದು ಮದುವೆ ಒಟ್ಟಿಗೇ ಬಂದವು. "ನಾನು ಕೊಟ್ಟೂರಿಗೆ ಗೆಳೆಯನ ಕ್ಯಾಮೆರಾ ಒಯ್ತೀನಿ, ನಮ್ಮವೆರಡೂ ನೀನ ತಗಂಡು ಹೋಗು" ಎಂದು ಅವರು ಬೈಕ್ ಹತ್ತಿಬಿಟ್ಟರು. ಒಬ್ಬಳೇ ಹೊರಟದ್ದು ಅದೇ ಮೊದಲು.

ಆಧಾರ್ ಕಾರ್ಡ್ ತೋರಿಸಿದೆ, ಸೊನ್ನೆ ರೂಪಾಯಿಯ ಟಿಕೆಟ್ ಕೈಗೆ ಬಂತು. "ಅಕ್ಕಾರ, ಚೀಲ ಮ್ಯಾಲ ಇಡ್ರಿ" ಅಂದರು ಕಂಡಕ್ಟರ್. "ಬ್ಯಾಡ್ರಿ, ತೊಡಿ ಮ್ಯಾಲ ಇರ್ಲಿ. ನನ್ನ ಹೊಟ್ಟಿಪಾಡು ಅದು" ಅಂದೆ. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಮೂವತ್ತು ರೂಪಾಯಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಇನ್ನೊಂದು ಬಸ್ಸು ಹಿಡಿದೆ. ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಹಂಪಸಾಗರ ಹತ್ತಿರವಾದಾಗ ಹೊಳೆ ಕಡೆಯ ಗಾಳಿ ಬೀಸಿ ಜೀವ ತಣ್ಣಗಾಯಿತು.

ಅದು ಬೌದ್ಧರ ಮದುವೆ. ಅವರು ಮುಹೂರ್ತ ನೋಡುವುದಿಲ್ಲ. ನೌಕರಿಯವರಿಗೆಲ್ಲ ರಜೆ ಎಂದು ಭಾನುವಾರ ಇಟ್ಟುಕೊಂಡಿದ್ದರು. ವಧು ಸುಜಾತಾ ಶಾಲೆಯ ಶಿಕ್ಷಕಿ. ಅವಳನ್ನು ಸಾಕಿ ಓದಿಸಿದವರು ಅಜ್ಜಿ ದುರ್ಗಮ್ಮ. "ಅಕ್ಕಾ, ಹಾರ ಹಾಕೋ ಫೋಟೋ ಮಾತ್ರ ತಪ್ಪಿಸಬ್ಯಾಡ್ರಿ. ಅದಕ್ಕಂತ ಅಜ್ಜಿ ಗ್ವಾಡಿ ಮ್ಯಾಲ ಜಾಗ ಬಿಟ್ಟಾಳ" ಎಂದಳು ಸುಜಾತಾ.

ಇಡೀ ವೇದಿಕೆ ಹಿಡಿಯುವ ಅಗಲ ಲೆನ್ಸಿನ ಕ್ಯಾಮೆರಾ ಕೊರಳಿಗೆ, ದೂರದ ಮುಖ ಹತ್ತಿರ ತರುವ ಉದ್ದ ಲೆನ್ಸಿನದು ಹೆಗಲಿಗೆ. ಒಬ್ಬಳೇ ಎರಡನ್ನೂ ಎತ್ತಿ ಇಳಿಸಿ ಬೆವರಿ ಹೋದೆ. ಬುದ್ಧನ ಚಿತ್ರದ ಮುಂದೆ ಹಿರಿಯರೊಬ್ಬರು ವಧೂವರರಿಂದ ಪ್ರತಿಜ್ಞೆ ಹೇಳಿಸುತ್ತಿದ್ದರು. ನಮ್ಮ ಮದುವೆಗಳಲ್ಲಿ ಮುಖ್ಯ ಗಳಿಗೆ ಬಂತೆಂದು ಮೊದಲು ತಿಳಿಯುವುದು ಕಿವಿಗೆ: ಡೋಲು, ಸನಾದಿ ಒಮ್ಮೆಲೇ ಗಟ್ಟಿಮೇಳ ಬಾರಿಸಿದ ಕೂಡಲೇ ನನ್ನ ಬೆರಳು ತಾನಾಗಿ ಒತ್ತುತ್ತದೆ. ಆ ರೂಢಿಯಲ್ಲಿ, ಇನ್ನೂ ಹೊತ್ತಿದೆ ಎಂದುಕೊಂಡು ಉದ್ದ ಲೆನ್ಸನ್ನು ಮುಂದಿನ ಸಾಲಿನಲ್ಲಿದ್ದ ಅಜ್ಜಿಯ ಕಡೆ ತಿರುಗಿಸಿದೆ. ಆಹಾ, ಎಂಥ ಮುಖ! ಪಟಪಟನೆ ಒತ್ತಿದೆ. ಚಪ್ಪಾಳೆ ಕೇಳಿ ತಿರುಗಿದರೆ ಇಬ್ಬರ ಕೊರಳಲ್ಲೂ ಹಾರ!

ಅಯ್ಯೋ ನನ್ನ ಕರ್ಮವೇ! ವಾದ್ಯವೇ ಇಲ್ಲದ ಮದುವೆಯಲ್ಲಿ ಗಟ್ಟಿಮೇಳ ಕಾಯುತ್ತಾ ನಿಂತಿದ್ದೆನಲ್ಲ! ಹಾರ ಹಿಡಿಸಿ ನಿಲ್ಲಿಸಿ ಒಂದು ತೆಗೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಜ್ಜಿಯ ಗೋಡೆಗೆ ಸುಳ್ಳು ತೂಗುಹಾಕಲು ಮನಸ್ಸು ಒಪ್ಪಲಿಲ್ಲ. ಹೋಗಿ ಇದ್ದದ್ದು ಇದ್ದಂತೆ ಹೇಳಿ, "ತಪ್ಪಾತಜ್ಜಿ" ಅಂದೆ.

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. "ಏ ತಂಗಿ, ಗಟ್ಟಿಮೇಳ ಕಾಯ್ಕಂತ ಕುಂತ್ರ ನಾಳಿಗೂ ಇಲ್ಲೇ ಇರ್ತಿದ್ದಿ! ನಮಗ ರಾಹುಕಾಲ ಇಲ್ಲ, ಗುಳಿಕಾಲ ಇಲ್ಲ. ಮುಹೂರ್ತನ ಇಲ್ಲಂದಮ್ಯಾಲ ಮೀರೋದು ಎಲ್ಲಿಂದ ಬಂತು? ಏ ಸುಜಾತಾ, ತೆಗಿರಿ ಹಾರ, ಇನ್ನೊಮ್ಮಿ ಹಾಕ್ರಿ!"

ಮಂಟಪವೇ ನಕ್ಕಿತು. ಈ ಸಲ ಅಗಲ ಲೆನ್ಸ್ ಕಣ್ಣಿಂದ ಇಳಿಸಲಿಲ್ಲ. ವರನ ಕನ್ನಡಕ ಹಾರಕ್ಕೆ ಸಿಕ್ಕಿ ಜೋತುಬಿತ್ತು, ಸುಜಾತಾ ನಗು ತಡೆಯಲಾರದೆ ಅವನ ಹೆಗಲಿಗೇ ಒರಗಿದಳು. ಫೋಟೋ ಚೆನ್ನಾಗಿ ಬಂತು. ಊಟಕ್ಕೆ ರೊಟ್ಟಿ, ಬದನೆಕಾಯಿ, ತುಪ್ಪ ಸುರಿದ ಗೋಧಿ ಹುಗ್ಗಿ. ಬೇಡವೆಂದರೂ ಎರಡನೇ ಸಲ ಬಡಿಸಿದರು.

ನಾಲ್ಕರ ಬಸ್ಸಿಗೆ ಅಜ್ಜಿಯೇ ಕಳಿಸಲು ಬಂದರು. ಮರದ ನೆರಳಲ್ಲಿ ಕ್ಯಾಮೆರಾದ ಪರದೆ ತೋರಿಸಿದೆ. ಎರಡನೇ ಹಾರದ ಫೋಟೋಕ್ಕೆ ನಕ್ಕರು. ಆಮೇಲೆ ಉದ್ದ ಲೆನ್ಸಿನ ಕ್ಯಾಮೆರಾದಲ್ಲಿ ಅವರದೇ ಮುಖ ತೋರಿಸಿದೆ, ಅದನ್ನು ಕಣ್ಣ ಹತ್ತಿರ ಎಳೆದುಕೊಂಡರು. ಅರ್ಧ ತೆರೆದ ಬಾಯಿ, ತುಂಬಿದ ಕಣ್ಣು, ಎದೆಗೆ ಒತ್ತಿಕೊಂಡ ಕೈ.

"ಇದು ಯಾವಾಗಿಂದು?"

"ಮೊದಲ್ನೇ ಸಲ ಹಾರ ಹಾಕಿದಾಗಿಂದು ಅಜ್ಜಿ. ಅವರಿಬ್ಬರದು ತಪ್ಪಿತು."

ಬಸ್ಸು ಬಂತು. ನಾನು ಹತ್ತಿ ಕೂತ ಮೇಲೆ ಅಜ್ಜಿ ಕಿಟಕಿಯ ಸರಳು ಹಿಡಿದು, "ತಂಗಿ, ಗ್ವಾಡಿಗೆ ಇದನ್ನೂ ಹಾಕ್ಸಿ ಕೊಡು" ಅಂದರು. "ಅವರಿಬ್ಬರನ್ನ ನಾನು ಕಣ್ತುಂಬ ನೋಡೀನಿ. ನನ್ನ ಮಾರಿ ನನಗೆಲ್ಲಿ ಕಾಣ್ತಿತ್ತು?"