ತಗ್ಗು ಕಾರಿಗೆ ಟಾಯರ್ ಎಷ್ಟು ಅಗಲ ಇರಬೇಕು?

ಟಾಯರಿನ ಬಾಜೂಕ ಬರದ ಅಂಕಿ ಓದಾಕ ನಾನು ಎಪ್ಪತ್ತು ದಾಟಿದ ಮ್ಯಾಲ ಕಲಿತೆ. ಹೇಳ್ಕೊಳ್ಳಾಕ ನಾಚಿಕಿ ಇಲ್ಲ, ಹೆಮ್ಮಿ ಐತಿ. ನನ್ನ ಸಾಲಿ ಮೂರನೇ ಇಯತ್ತೆಗೆ ಮುಗೀತು, ನೂರರ ಮಟ ಅಂಕಿ ಬರತಿದ್ದುವು. ನೂರರ ಆಚೆದ್ದನ್ನ ಕಲಿಸಿದಾಕಿ ಮೊಮ್ಮಗಳು ಅಶ್ವಿನಿ. ಟಾಯರಿನ ಮ್ಯಾಲಿನ ಮೊದಲನೇ ಅಂಕಿ ಅಂದ್ರ ಅದರ ಅಗಲ, ಮಿಲಿಮೀಟರ್ ಲೆಕ್ಕದಾಗ. ಇಷ್ಟು ತಿಳದದ್ದ ತಡ, ನಮ್ಮೂರು ಘೋಡಗೇರಿಯೊಳಗ ನಿಂತ ಒಂದು ಗಾಡೀನೂ ಬಿಡಲಿಲ್ಲ, ಬಗ್ಗಿ ಬಗ್ಗಿ ಓದಿದೆ. ಹಾಲಿನ ಟೆಂಪೋದವ "ಏನ್ ಹುಡುಕಾಕತ್ತೀರಿ ಆಯಿ, ಕಿವಿಯಾಗಿಂದು ಬಿತ್ತೇನ್ರಿ?" ಅಂತ ಕೇಳಿದ.

ಅಶ್ವಿನಿ ಹುಕ್ಕೇರಿಯೊಳಗ ಗ್ಯಾರೇಜ್ ನಡಸತಾಳ. ಯಾರೋ ಬ್ಯಾಡಾಗಿ ಮೂಲಿಗೆ ನಿಲ್ಲಿಸಿದ ಎರಡು ಬಾಗಲದ ಹಳೇ ಸ್ಪೋರ್ಟ್ಸ್ ಕಾರು ತಂದು, ವರ್ಷಗಟ್ಟಲೆ ತಾನ ಬಿಚ್ಚಿ ತಾನ ಜೋಡಿಸಿ, ಸ್ಪ್ರಿಂಗ್ ಬದಲಿಸಿ ಅದನ್ನ ನೆಲಕ್ಕ ಇಳಿಸಿದಳು. ಎಷ್ಟು ತಗ್ಗು ಅಂದ್ರ, ನಮ್ಮ ಕೋಳಿ ಅದರ ಕೆಳಗ ಹಾಯುವಾಗ ತಲಿ ಬಗ್ಗಸತೈತಿ. ಅಕಿ ಅಪ್ಪ, ಅಂದ್ರ ನನ್ನ ಮಗ, ಸುತ್ತಲೂ ತಿರುಗಿ ನೋಡಿದ. "ಇದೇನ್ ಕಾರೋ, ಕುಂಡ್ರೂ ಮಣಿಯೋ? ನೋಡವಾ, ಟಾಯರ್ ಮಡಗಾರ್ಡಿಗೆ ತಿಕ್ಕಿದ್ರ ಹಾದ್ಯಾಗ ಒಡೀತೈತಿ. ಒಮ್ಮೆ ತಿಕ್ಕಿದ್ರೂ ಸೈತ ಆ ಸ್ಪ್ರಿಂಗ್ ತಗದು ಮದಲಿನಂಗ ಎತ್ತರ ಮಾಡಬೇಕು." ಅಶ್ವಿನಿ ಹೂಂ ಅಂದಳು. ಅಕಿ ಅಷ್ಟು ವರ್ಷದ ದುಡಿತ ಆ ಒಂದು ಹೂಂ ಮ್ಯಾಲ ನಿಂತಿತು.

ಅಗಲದ ಮಾತಿಗೆ ನಾನೂ ಬಾಯಿ ಹಾಕಿದೆ. ಎರಿ ಹೊಲದಾಗ ಸಣ್ಣ ಗಾಲಿ ಹುಗೀತೈತಿ, ಅಗಲ ಗಾಲಿ ಹುಗಿಯೂದಿಲ್ಲ. ನನ್ನ ವಿದ್ಯಾ ಇಷ್ಟ. "ಅಗಲಾಂದ ಹಾಕ್ಸವಾ" ಅಂದೆ. ಅಕಿ ಮನಸಿನ್ಯಾಗೂ ಅದ ಇತ್ತು: ತಿರುವಿನ್ಯಾಗ ಹಿಡಿತ ಚಲೋ, ಹಿಂದಿಂದ ನೋಡಿದ್ರ ಪೈಲ್ವಾನ ನಿಂತಂಗ. ಯಮಕನಮರಡಿಯ ಟಾಯರ್ ಅಂಗಡಿ ಬಾಬು ಕಾಕಾ ಎರಡ್ನೂರಾ ಇಪ್ಪತ್ತೈದರದ್ದು ಹಾಕಿ, ಮಡಗಾರ್ಡಿನ ಸಂದಿನ್ಯಾಗ ಬೆರಳು ಆಡಿಸಿ "ಬರೋಬ್ಬರಿ" ಅಂದ.

ಮರುದಿನ ಅಶ್ವಿನೀನೂ ನಾನೂ ಮೂಡಲಗಿಗೆ, ನನ್ನ ತಂಗಿ ಮನಿಗೆ ಹೊಂಟ್ವಿ. ತಂಗಿ ಮನಿಗೆ ಬರೇ ಕೈಲೆ ಹೋಗೂದು ನಮ್ಮಲ್ಲಿ ಇಲ್ಲ. ಒಂದು ಚೀಲ ಜ್ವಾಳ, ಒಂದು ಬುಟ್ಟಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಎರಡು ಕುಂಬಳಕಾಯಿ ಹಿಂದ ತುರುಕಿ ಮುಂದ ಅಕಿ ಬಾಜೂಕ ನಾನು ಕುಂತೆ. ನಾನೂ ಹಗರ ಹೆಂಗಸಲ್ಲ. ಮೊದಲನೇ ಹಂಪ್ ಇಳಿಯುವಾಗ ಹಿಂದ ಖರ್ರ್ ಅಂತು.

ಇಳದು ನೋಡಿದ್ರ ಟಾಯರಿನ ಅಂಚು ಕೆರದಿತ್ತು. ಅಶ್ವಿನಿ ಮಾರಿ ಸಣ್ಣದಾತು. "ಅಪ್ಪಗ ಹೇಳಬೇಕಾತು" ಅಂದಳು.

"ನಾ ಬಸ್ಸಿಗೆ ಹೊಕ್ಕೀನಿ. ಜ್ವಾಳಾನೂ ಇಳಸು. ನಾವಿಲ್ಲಂದ್ರ ಅದು ತಿಕ್ಕೂದಿಲ್ಲ."

"ಸುಮ್ಮ ಕುಂಡ್ರು ಆಯಿ. ನಿನ್ನ ಹೊರಲಾರದ ಕಾರು ತಗೊಂಡು ನಾ ಏನ್ ಮಾಡ್ಲಿ?"

ಆವಾಗ ನನಗ ಹೊಳೀತು. ನಮ್ಮ ಮನಿಯವರು ಬದುಕಿದ್ದಾಗ ಹೊಸಾ ಗಾಲಿ ಹಾಕಿದ ಚಕ್ಕಡಿಯನ್ನ ಖಾಲಿ ನೋಡಿ ಎಂದೂ ಒಪ್ಪುತ್ತಿರಲಿಲ್ಲ. ಕಬ್ಬು ಏರಿಸಿ, ಎತ್ತು ಹೂಡಿ, ಆಮ್ಯಾಲ ಗಾಲಿ ಸಂದು ನೋಡತಿದ್ದರು. ನಾವು ಅಳದದ್ದು ಖಾಲಿ ಕಾರು! ಮಗನಿಗೆ ಫೋನ್ ಮಾಡಿ, ತಿಕ್ಕಿತು ಖರೆ, ಅಳತಿ ತಪ್ಪಿದ್ದು ನಮ್ಮದು, ಇನ್ನೊಂದು ಸಲ ನೋಡು ಅಂದೆ. "ಒಂದ ಸಲ, ಅವ್ವಾ" ಅಂದ.

ತುಂಬಿದ ಕಾರು ಹಂಗ ಯಮಕನಮರಡಿಗೆ ತಿರುಗಿತು. ಬಾಬು ಕಾಕಾ ನೆಲಕ್ಕ ಮಲಗಿ, ಒಳಗ ಕುಂತ ನನಗ "ಆಯಿ, ಅಷ್ಟು ನಗಬ್ಯಾಡ್ರಿ, ಅಳತಿ ಅಳ್ಳಾಡತೈತಿ" ಅಂತ ಚೀರಿದ. ಕಡೀಕ ಎರಡ್ನೂರಾ ಐದರ ಟಾಯರಿಗೆ ಬಂದು ನಿಂತ್ವಿ. ಆಚೀಚೆ ಹತ್ತ್ಹತ್ತು ಮಿಲಿಮೀಟರ್ ಜಾಗಾ ಸಿಕ್ಕಿತು, ಹೆಚ್ಚುಕಡಿಮಿ ನನ್ನ ಕಿರಿಬೆರಳಿನ ದಪ್ಪದಷ್ಟು. ತಿರುವಿನ್ಯಾಗ ಹಿಡಿತ ಚೂರು ಕಡಿಮಿ ಆಗತೈತಿ ಅಂತ ಅಶ್ವಿನಿ ಅಂದಳು. ಮೊಮ್ಮಗಳು ತಿರುವಿನ್ಯಾಗ ಚೂರು ಸಾವಕಾಶ ಹೋದ್ರ ಯಾವ ಆಯಿಗೆ ಬ್ಯಾಸರ ಹೇಳ್ರಿ?

ಅದ ಹಂಪ್. ತಾನ ನೋಡಾಕ ಬಂದ ಮಗ ಬಾಜೂಕ ಕಿವಿ ಕೊಟ್ಟು ನಿಂತಿದ್ದ. ಏರಿದ್ವಿ, ಇಳಿದ್ವಿ. ಏನೂ ಸಪ್ಪಳಿಲ್ಲ. ಅವ ಕೈ ಎತ್ತಿ "ಇರಲಿ ಬಿಡು, ಹಂಗ ಇರಲಿ" ಅಂದ. ಅಶ್ವಿನಿ ಕಣ್ಣು ಒರಸ್ಕೊಂಡು ಗೇರ್ ಹಾಕಿದಳು.

ಮೂಡಲಗಿಯೊಳಗ ತಂಗಿ ಬಾಗಲ ತಗದು "ಇಳಿ ಅಕ್ಕಾ" ಅಂತ ಕೈ ಚಾಚಿದಳು. ಮೂರು ಸಲ ಎದ್ದೆ, ಮೂರು ಸಲಾನೂ ಮತ್ತ ಅಲ್ಲೇ ಕುಂತೆ. ತಗ್ಗು ಕಾರಿನ ಗುಣ ಅವತ್ತು ತಿಳೀತು: ಮುದುಕರನ್ನ ಸಲೀಸು ಒಳಗ ತಗೋತೈತಿ, ಲಗೂನ ಹೊರಗ ಬಿಡೂದಿಲ್ಲ. "ಇರಲಿ ತಂಗಿ, ಗೋಕಾಕ ಮಟ ಇನ್ನೊಂದು ಸುತ್ತು ಹೊಡದು ಬರತೀವಿ" ಅಂದೆ. ನನಗೇನು ಇಳಿಯೂ ಅವಸರ ಇರಲಿಲ್ಲ.