ಬೀದಿಯಲ್ಲಿ ಹಕ್ಕಿ ಹಿಡಿದವರು

ವೃದ್ಧರ ಹಗಲು ಕೇಂದ್ರದಲ್ಲಿ ಅವಳನ್ನು ಎಲ್ಲರೂ ಆಯಮ್ಮ ಎನ್ನುತ್ತಿದ್ದರು. ವಯಸ್ಸು ಐವತ್ತನಾಲ್ಕು. ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಇಳಿಸಿ ಸೊಂಟ ಸವೆಸಿಕೊಂಡು ಇಲ್ಲಿಗೆ ಬಂದಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿ ಹಿಡಿದವರು ಸಂಜೆ ಐದರವರೆಗೆ ಟೀವಿಯನ್ನೇ ದಿಟ್ಟಿಸುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

ತಂಗಿಯ ಮಗಳು ಅವಳ ಫೋನಿಗೆ ಒಂದು ಆಟ ಹಾಕಿಕೊಟ್ಟಿದ್ದಳು. ಕ್ಯಾಮೆರಾವನ್ನು ಬೀದಿಯತ್ತ ಹಿಡಿದರೆ, ಅಲ್ಲಿಲ್ಲದ ಹಕ್ಕಿಗಳು ಪರದೆಯಲ್ಲಿ ಗೇಟು, ಕಂಬ, ಗೋಡೆಗಳ ಮೇಲೆ ಬಂದು ಕೂರುತ್ತಿದ್ದವು. ಹತ್ತಿರ ನಡೆದು ಹೋಗಿ ಬೆರಳು ಮುಟ್ಟಿಸಿದರೆ ಹಕ್ಕಿ ನಮ್ಮದು. ಆಯಮ್ಮ ಮೊದಲು ತಾನೇ ಆಡಿ ಕಲಿತಳು. ಇಲ್ಲಿಯವರನ್ನೂ ಆಡಿಸಲೇ ಎಂದು ಮ್ಯಾನೇಜರರನ್ನು ಕೇಳಿದಳು, ಅವರು ಕಡತದಿಂದ ತಲೆಯೆತ್ತದೆ "ಹೂಂ" ಎಂದರು. ಆರು ಜನರ ಫೋನುಗಳಲ್ಲಿ ಆಟ ಹಾಕಿ, ಅಕ್ಷರ ದೊಡ್ಡದು ಮಾಡಿ, ದಾರ ಕಟ್ಟಿ ಕೊರಳಿಗೆ ಹಾಕಿದಳು. "ಮೊದ್ಲು ನೆಲ ನೋಡಿ, ಆಮೇಲೆ ಹಕ್ಕಿ" ಎಂದು ಹೇಳಿ ಹೇಳಿ ಬಾಯಿ ಒಣಗುತ್ತಿತ್ತು.

ಆ ಆರು ಜನರಲ್ಲಿ ಟೈಲರಕ್ಕನಿಗೆ ಎಪ್ಪತ್ತೆಂಟು. ಗಂಡ ಹೋದ ಮೇಲೆ ಮಾತೇ ಬಿಟ್ಟಿದ್ದವಳು. ಮೊದಲ ಹಕ್ಕಿ ಗೇಟಿನ ಮೇಲೆ ಕೂತಾಗ ಕನ್ನಡಕ ಸರಿಪಡಿಸಿಕೊಂಡು, "ರೆಕ್ಕೆ ಅಂಚು ನೆಟ್ಟಗೆ ಹೊಲ್ದಿಲ್ಲ ಇದಕ್ಕೆ" ಎಂದಳು. ತಿಂಗಳೊಳಗೆ ಎಲ್ಲರಿಗಿಂತ ಹೆಚ್ಚು ಹಕ್ಕಿ ಅವಳವೇ.

"ಎಲ್ಲಾ ನಿಮ್ಮ ಕಣ್ಣಿಗೇ ಯಾಕಕ್ಕ ಬೀಳ್ತವೆ?" ಎಂದು, ಬಸ್ಸು ಓಡಿಸಿ ನಿವೃತ್ತನಾಗಿದ್ದ ಡ್ರೈವರಣ್ಣ ಗೊಣಗುತ್ತಿದ್ದ.

"ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು ಕಣಪ್ಪ."

ಒಂದು ಬೆಳಿಗ್ಗೆ ಆಯಮ್ಮ ಡ್ರೈವರಣ್ಣನ ದಾರದ ಗಂಟು ಬಿಡಿಸುತ್ತಿದ್ದಳು. ಎತ್ತರದಲ್ಲಿ ಕೂತ ಹಕ್ಕಿಯೊಂದನ್ನು ಪರದೆಗೆ ತರಲು ಟೈಲರಕ್ಕ ಒಂದು ಹೆಜ್ಜೆ ಹಿಂದಿಟ್ಟಳು. ಅಲ್ಲಿ ಫುಟ್‌ಪಾತು ಮುಗಿದಿತ್ತು. ಸೊಂಟದ ಮೂಳೆ ಮುರಿಯಿತು.

"ಯಾರನ್ನ ಕೇಳಿ ಆಡಿಸಿದ್ರಿ?" ಎಂದರು ಮ್ಯಾನೇಜರು. ಆಯಮ್ಮ ಉಳಿದ ಐದು ಫೋನುಗಳ ದಾರ ಬಿಚ್ಚಿದಳು. ಕೇಂದ್ರದಲ್ಲಿ ಆಟ ನಿಂತಿತು. ಟೈಲರಕ್ಕನ ಮಗಳು ಬೈಯಲಿಲ್ಲ. "ಅಮ್ಮ ನಗೋದು ನೋಡಿ ನಾನೇ ಹೊಸ ಫೋನ್ ಕೊಡಿಸಿದ್ದೆ" ಎಂದಷ್ಟೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಆಯಮ್ಮನಿಗೆ ಅನ್ನಿಸಿತು.

ಭಾನುವಾರ ಅವಳು ಆಸ್ಪತ್ರೆಗೆ ಹೋದಳು. ಮಂಚ, ಸ್ಟೂಲು, ಗೋಡೆ, ಅಷ್ಟೇ ಜಾಗ.

"ಇಲ್ಲೇನಾದ್ರೂ ಇದೆಯಾ, ನೋಡೇ" ಎಂದಳು ಟೈಲರಕ್ಕ. ಆಯಮ್ಮ ಆಟ ತೆರೆದು ಫೋನನ್ನು ಅವಳ ಮುಖದೆದುರು ಹಿಡಿದಳು. ಹಕ್ಕಿ ಬರಲಿಲ್ಲ. ಪರದೆಯಲ್ಲಿ ಅಕ್ಷರ ಮೂಡಿತು: ಜಾಗ ಸಾಲದು, ಮುಂದೆ ನಡೆಯಿರಿ.

ಆಯಮ್ಮ ತಟ್ಟನೆ ಫೋನು ತಿರುಗಿಸಿಕೊಂಡು, "ನೆಟ್‌ವರ್ಕ್ ಇಲ್ವಂತೆ ಅಕ್ಕ" ಎಂದಳು.

"ನಂಗೂ ಓದೋಕೆ ಬರ್ತದೆ" ಎಂದು ಟೈಲರಕ್ಕ ಗೋಡೆಯತ್ತ ಮುಖ ತಿರುಗಿಸಿದಳು. ಆಯಮ್ಮ ಸಂಜೆವರೆಗೂ ಸ್ಟೂಲಿನ ಮೇಲೆ ಕೂತಿದ್ದಳು. ಟೈಲರಕ್ಕ ಮತ್ತೆ ಈ ಕಡೆ ತಿರುಗಲಿಲ್ಲ. ಬಿದ್ದ ಏಳನೆಯ ವಾರ ತೀರಿಕೊಂಡಳು.

ಉಳಿದ ಐವರೂ ಮತ್ತೆ ಕುರ್ಚಿ ಹಿಡಿದರು. ಡ್ರೈವರಣ್ಣ ಕೆಲವು ದಿನ ಕೇಳಿದ: "ಇವತ್ತಾದ್ರೂ ಸುಮ್ನೆ ಗೇಟಿನ ತನಕ ಹೋಗೋಣ್ವಾ, ಫೋನ್ ಬೇಡ."

"ನಾಳೆ ನೋಡೋಣ ಅಣ್ಣ" ಎನ್ನುತ್ತಿದ್ದಳು ಆಯಮ್ಮ. ಯಾರನ್ನೂ ಹೊಸಿಲು ದಾಟಿಸುವ ಧೈರ್ಯ ಅವಳಿಗಿರಲಿಲ್ಲ. ಆಮೇಲಾಮೇಲೆ ಅವನು ಕೇಳುವುದನ್ನೂ ಬಿಟ್ಟ. ವರ್ಷ ತುಂಬುವಷ್ಟರಲ್ಲಿ ಅವನನ್ನು ಕುರ್ಚಿಯಿಂದ ಎಬ್ಬಿಸಲು ಇಬ್ಬರು ಬೇಕಾಯಿತು. ಒಂದು ತೋಳಿಗೆ ಆಯಮ್ಮ ಕೈ ಕೊಡುತ್ತಿದ್ದಳು.