ಕಾಲೇಜಿನ ಮುಖ ತಿರುಗಿಸಿದ ಲೋಸಿವಾಲೆ

ನಸುಕು. ಸಮೋವಾ ದ್ವೀಪದ ನಮ್ಮ ಸಮುದಾಯ ಕಾಲೇಜಿನ ಹುಲ್ಲಂಗಳದಲ್ಲಿ ಎಪ್ಪತ್ತು ದಾಟಿದ ಲೋಸಿವಾಲೆ ಸೊಂಟಕ್ಕೆ ಸುತ್ತಿದ ಲಾವಾಲಾವಾ ಪಂಚೆ ಬಿಗಿದು, ಕಡ್ಡಿಪೊರಕೆಯಿಂದ ದೀವಿಹಲಸಿನ ಎಲೆ ಗುಡಿಸುತ್ತಿದ್ದಾರೆ. ಬೇಗ ಬಂದ ವಿದ್ಯಾರ್ಥಿನಿಯೊಬ್ಬಳು, "ಏನಜ್ಜಿ, ಎಲೆಗಳಿಗೂ ಹಾಜರಿ ಹಾಕ್ತೀರಾ?" ಎಂದು ಕೆಣಕುತ್ತಾಳೆ.

"ನಿನಗಿಂತ ಅವೇ ದಿನಾ ಬರ್ತವೆ."

ಈ ಅಂಗಳಕ್ಕೆ ಡಾಂಬರು ಬಳಿದು ಕಾರು ನಿಲ್ಲಿಸುವ ಜಾಗ ಮಾಡಬೇಕೋ ಬೇಡವೋ ಎಂದು ಆಡಳಿತ ಮಂಡಳಿ ಇವತ್ತು ತೀರ್ಮಾನಿಸಲಿದೆ. ಅಂಗಳ ಲೋಸಿವಾಲೆ ಕೈಯಾರೆ ಮಾಡಿದ್ದು.

ಕಾಲೇಜಿಗೆ ಮೊದಮೊದಲು ಸ್ವಂತ ಸೂರಿರಲಿಲ್ಲ. ಪ್ರೌಢಶಾಲೆಯ ಮಕ್ಕಳು ಎದ್ದುಹೋದ ಬೆಂಚುಗಳಲ್ಲೇ ಸಂಜೆ ಪಾಠ. ಗುಡ್ಡದ ಬುಡದಲ್ಲಿ ಜಾಗ ಸಿಕ್ಕಾಗ ಲೋಸಿವಾಲೆಯ ಊರಿನವರು ತಮ್ಮ ಸಭೆಯ ಮನೆಯನ್ನೇ ಕೊಟ್ಟರು. ಬಿಚ್ಚಿ, ಹೆಗಲ ಮೇಲೆ ಹೊತ್ತು ತಂದು ನಿಲ್ಲಿಸಿದ್ದೂ ಆಯಿತು. ಗೋಡೆಯಿಲ್ಲದ ಮನೆಗೂ ಮುಖ, ಬೆನ್ನು ಉಂಟಲ್ಲ: ಮುಂಗಂಬಗಳಿಗೆ ಒರಗಿ ಹಿರಿಯರು ಕೂರುತ್ತಾರೆ, ಹಿಂದಿನಿಂದ ಊಟದ ತಟ್ಟೆ ಬರುತ್ತದೆ. ಹಸಿದಿದ್ದ ಹೊರೆಯಾಳುಗಳು ಊಟದ ಅವಸರದಲ್ಲಿ ಮುಂಗಂಬಗಳನ್ನು ಗುಡ್ಡದ ಕಡೆಗೆ ನೆಟ್ಟುಬಿಟ್ಟಿದ್ದರು! ಉದ್ಘಾಟನೆಗೆ ರಸ್ತೆಯಿಂದ ಬಂದ ಅತಿಥಿಗಳಿಗೆ ಕಂಡದ್ದು ಮನೆಯ ಬೆನ್ನು. ಹಿತ್ತಿಲಿಂದ ಹೊಕ್ಕರೆ ಮಾನ ಹೋದೀತೆಂದು ರಸ್ತೆಯಲ್ಲೇ ನಿಂತರು. ಕಂಬ ಕಿತ್ತು ತಿರುಗಿ ನೆಡಬೇಕೆಂದರೆ ಬಡಗಿಗಳಿಗೆ ಮತ್ತೊಮ್ಮೆ ಹಂದಿಯ ಔತಣ ಕೊಡಬೇಕು. ಇದ್ದ ಹಂದಿಗಳು ಆಗಲೇ ಒಲೆ ಸೇರಿದ್ದವು.

ಆಗ ಲೋಸಿವಾಲೆ ಅಡುಗೆಯ ಹುಡುಗಿ. ಅತಿಥಿಗಳನ್ನು ಕಲ್ಲುಮುಳ್ಳಿನಲ್ಲಿ ಸುತ್ತಿಸಿ ಗುಡ್ಡದ ಕಡೆಯಿಂದ ಒಳಗೆ ಕಳಿಸಿದರು. ಅತಿಥಿಗಳಲ್ಲಿದ್ದ ದೊಡ್ಡ ಭಾಷಣಕಾರರೊಬ್ಬರ ಲಾವಾಲಾವಾ ಮುಳ್ಳಿಗೆ ಸಿಕ್ಕಿದ್ದನ್ನು, ಅವರ ಗಡಸು ದನಿಯ ಸಮೇತ, ಇವತ್ತಿಗೂ ನಟಿಸಿ ತೋರಿಸುತ್ತಾರೆ. "ನಂಗೇನೂ ದೊಡ್ಡ ಯೋಚನೆ ಇರ್ಲಿಲ್ಲಪ್ಪ. ಕೆಸುವಿನ ಗೆಡ್ಡೆ ಆರಿಹೋಗ್ತಿತ್ತು."

ಮರುದಿನದಿಂದ ಕಲ್ಲು ಹೆಕ್ಕಿದರು, ಮುಳ್ಳು ಕಡಿದರು, ಹುಲ್ಲು ನೆಟ್ಟರು. ಆಮೇಲೆ ಬಂದ ತರಗತಿ, ಗ್ರಂಥಾಲಯಗಳೆಲ್ಲ ಆ ಹುಲ್ಲಿನ ಕಡೆಗೇ ಮುಖ ಮಾಡಿದವು. ನಮ್ಮ ಕಾಲೇಜು ರಸ್ತೆಗೆ ಬೆನ್ನು ಹಾಕಿರುವುದು ಸೊಕ್ಕಿನಿಂದಲ್ಲ ಸ್ವಾಮಿ, ಹಸಿವಿನಿಂದ.

ಮಧ್ಯಾಹ್ನ ಮಂಡಳಿ ಅದೇ ಹಳೆಯ ಮನೆಯಲ್ಲಿ ಕೂರುತ್ತದೆ. ತಟ್ಟೆ ಇಡಲು ಬಂದ ಲೋಸಿವಾಲೆ ನಿರ್ದೇಶಕ ಮಾಲೆಕೊ ಅವರನ್ನು ಮೆಲ್ಲಗೆ ಕೇಳುತ್ತಾರೆ: "ಇನ್ಮೇಲೆ ಅತಿಥಿಗಳು ಕಾರಿನ ಬಾನೆಟ್ ಹತ್ತಿ ಇಳಿದು ಒಳಗೆ ಬರ್ಬೇಕಾ?" ಮುಂಗಂಬಗಳ ಸಾಲಿನ ಹಿರಿಯರು ಹೊಟ್ಟೆ ಹಿಡಿದು ನಗುತ್ತಾರೆ. ಮಾಲೆಕೊ ಕೆಮ್ಮುತ್ತಾರೆ. ಊಟ ಮುಗಿಯುವಷ್ಟರಲ್ಲಿ ತೀರ್ಮಾನವಾಗುತ್ತದೆ: ಕಾರುಗಳು ರಸ್ತೆಯ ಕಡೆಗೆ, ಮನೆಯ ಬೆನ್ನಿಗೆ.

ಇನ್ನೇನು ಬೇಕಜ್ಜಿ ಎಂದು ಕೇಳಿದರೆ ಲೋಸಿವಾಲೆ ಹುಲ್ಲಿನ ಕಡೆ ಕೈ ತೋರುತ್ತಾರೆ. "ಅಂಗಳ ಮಾಡ್ದೋಳು ನಾನೇ. ಆದ್ರೆ ಆ ಕಡೆಯಿಂದ ಒಂದು ದಿನಾನೂ ಒಳಗೆ ಹೋಗಿಲ್ಲ. ಯಾವಾಗ್ಲೂ ಕೈಲಿ ತಟ್ಟೆ, ಹಿಂದಿನ ದಾರಿ. ಒಂದ್ಸಲ ಕೈ ಬೀಸ್ಕೊಂಡು ಮುಂದಿನಿಂದ ಹೋಗಿ ಕೂರ್ಬೇಕು. ತಟ್ಟೆ ಬೇಕಾದ್ರೆ ಮಾಲೆಕೊ ತರ್ಲಿ."